ಸ್ಲಾವಿಕ್ ಭಾಷೆಗಳಲ್ಲಿ (ರಷ್ಯನ್, ಪೋಲಿಷ್, ಬಲ್ಗೇರಿಯನ್ ಮುಂತಾದ ಒಂದೇ ಕುಟುಂಬದ ಭಾಷೆಗಳು) ಯಾವುದು ಜಾಸ್ತಿ ಹಳೆಯ ರೂಪದಲ್ಲಿದೆ, ಯಾವುದು ಜಾಸ್ತಿ ಬದಲಾಗಿದೆ?

ಒಂದೇ ಭಾಷೆಗೆ ಈ ಪಟ್ಟ ಕಟ್ಟುವುದು ಕಷ್ಟ. ಒಂದು ಕಡೆ ಹಳತನ್ನು ಉಳಿಸಿಕೊಂಡ ಭಾಷೆ ಇನ್ನೊಂದು ಕಡೆ ಪೂರ್ತಿ ಬದಲಾಗಿರುತ್ತದೆ.

ಬಲ್ಗೇರಿಯನ್ ನೋಡಿ. 9ನೇ ಶತಮಾನದಲ್ಲಿ ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಕ್ರೈಸ್ತ ಧರ್ಮಪ್ರಚಾರಕ ಸಹೋದರರು ಸ್ಲಾವಿಕ್ ಗ್ರಂಥಭಾಷೆಯನ್ನು ರೂಪಿಸಿದ್ದು ಈಗಿನ ಗ್ರೀಸ್‌ನ ಥೆಸ್ಸಲೋನಿಕಿ ಸುತ್ತಲಿನ ಆಡುನುಡಿಯಿಂದ. ಬಲ್ಗೇರಿಯನ್, ಮ್ಯಾಸಿಡೋನಿಯನ್ ಅದಕ್ಕೆ ತೀರಾ ಹತ್ತಿರದ ನೆಂಟರು. ಆದರೂ ನಾಮಪದದ ವಿಭಕ್ತಿಗಳನ್ನು ಹೆಚ್ಚುಕಡಿಮೆ ಪೂರ್ತಿ ಕಳೆದುಕೊಂಡಿದ್ದು ಇವೇ! ಮೇಲಾಗಿ ಇಂಗ್ಲಿಷಿನ ‘ದಿ’ ಥರದ್ದೊಂದನ್ನು ಪದದ ಕೊನೆಗೆ ಅಂಟಿಸಿಕೊಂಡಿವೆ. ಕ್ರಿಯಾಪದಕ್ಕೆ ಬಂದರೆ ಕಥೆ ಉಲ್ಟಾ. ರಷ್ಯನ್, ಪೋಲಿಷ್ ಎಂದೋ ಬಿಟ್ಟ ಭೂತಕಾಲದ ರೂಪಗಳು ಇಲ್ಲಿ ಇನ್ನೂ ದಿನಬಳಕೆಯಲ್ಲಿವೆ.

ರಷ್ಯನ್ ವಿಭಕ್ತಿಗಳನ್ನು ಉಳಿಸಿಕೊಂಡಿದೆ, ಆದರೆ ಸಂಬೋಧನಾ ವಿಭಕ್ತಿ ಹೆಚ್ಚುಕಡಿಮೆ ಹೋಗಿದೆ. ಜೆಕ್, ಪೋಲಿಷ್, ಉಕ್ರೇನಿಯನ್‌ನಲ್ಲಿ ಅದು ಇದೆ. ಮೂಗಿನಿಂದ ಬರುವ ಹಳೆಯ ಸ್ವರಗಳು ಪೋಲಿಷ್‌ನಲ್ಲಿ ಇವತ್ತಿಗೂ ಕೇಳುತ್ತವೆ. ಸ್ಲೊವೇನಿಯನ್‌ನಲ್ಲಿ ಸಂಸ್ಕೃತದ ಹಾಗೆ ದ್ವಿವಚನವಿದೆ (ಎರಡಕ್ಕೆಂದೇ ಬೇರೆ ರೂಪ), ಅದೂ ಸುಮ್ನೆ ಪುಸ್ತಕದಲ್ಲಲ್ಲ, ಮಾತಿನಲ್ಲೂ.

ಒಂದನ್ನೇ ಆರಿಸಿ ಅಂದರೆ ನನ್ನ ಮತ ಜರ್ಮನಿಯ ಪೂರ್ವ ಭಾಗದ ಅಪ್ಪರ್ ಸೋರ್ಬಿಯನ್‌ಗೆ. ದ್ವಿವಚನ, ವಿಭಕ್ತಿಗಳು, ಹಳೆಯ ಭೂತಕಾಲ, ಮೂರೂ ಅಲ್ಲಿವೆ. ಪದಗಳಲ್ಲಿ ಮಾತ್ರ ಜರ್ಮನ್ ಪ್ರಭಾವ ಜೋರಾಗಿಯೇ ಇದೆ.