ಮಲೆನಾಡಿನ ಮಳೆಗಾಲದಲ್ಲಿ ವಾರ್‌ಗೇಮ್ ಸೈನಿಕರಿಗೆ, ಗಾಡಿಗಳಿಗೆ ಬಣ್ಣ ಹಚ್ಚಬಹುದೇ?

ನೀವು ಕೇಳಿದ್ದು ಇಷ್ಟು: ಮನೆ ತೀರ್ಥಹಳ್ಳಿ ಹತ್ತಿರ. ವಾರ್‌ಹ್ಯಾಮರ್ 40,000 ಆಟದ (ದೂರದ ಭವಿಷ್ಯದಲ್ಲಿ, ಬೇರೆ ಗ್ರಹಗಳಲ್ಲಿ ನಡೆಯುವ ಯುದ್ಧವನ್ನು ಪುಟ್ಟ ಪ್ಲಾಸ್ಟಿಕ್ ಸೈನಿಕರನ್ನಿಟ್ಟು ಮೇಜಿನ ಮೇಲೆ ಆಡುವುದು) ಒಂದು ಯುದ್ಧದ ಗಾಡಿ, ಸೈನಿಕರ ಒಂದು ಪೆಟ್ಟಿಗೆ ತರಿಸಿದ್ದೀರಿ. ಜುಲೈನಲ್ಲಿ ಸ್ಪ್ರೇ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹೊಡೆಯುವ ಅಸ್ತರು) ಹೊಡೆದಾಗ ಗಾಡಿಯ ಮೈಯೆಲ್ಲ ತರಿತರಿಯಾಯಿತು. ಈ ಹವೆಯಲ್ಲಿ ಇದೆಲ್ಲ ಆಗುವ ಕೆಲಸವೇ, ಎಲ್ಲಿಂದ ಶುರು ಮಾಡಲಿ, ಆಡುವುದಕ್ಕೆ ಜನ ಎಲ್ಲಿ ಸಿಗುತ್ತಾರೆ?

ಖಂಡಿತ ಆಗುತ್ತೆ. ಆದರೆ ನಮ್ಮ ಕಡೆ ಕೆಲಸವನ್ನು ಮಳೆಯ ಲೆಕ್ಕಕ್ಕೆ ಹೊಂದಿಸಿಕೊಳ್ಳಬೇಕು. ಬಿಡಿಭಾಗ ಕತ್ತರಿಸುವುದು, ಅಂಟಿಸುವುದು, ಕುಂಚದಲ್ಲಿ ಬಣ್ಣ ಹಚ್ಚುವುದು ಮಳೆಗಾಲಕ್ಕೆ. ಡಬ್ಬಿಯಿಂದ ಹೊಡೆಯುವುದೆಲ್ಲ ದೀಪಾವಳಿ ಕಳೆದ ಮೇಲೆ. ನಾನಿರುವುದು ಶಿವಮೊಗ್ಗದಲ್ಲಿ, ತೋಟದ ಮನೆ ಹೊಸನಗರದ ಕಡೆ. ಎರಡೂ ಕಡೆ ಕೂತು ಈ ಕೆಲಸ ಮಾಡುವುದರಿಂದ ವ್ಯತ್ಯಾಸ ಚೆನ್ನಾಗಿ ಗೊತ್ತು. ಶಿವಮೊಗ್ಗದಲ್ಲಿ ಆಗಸ್ಟ್‌ನಲ್ಲೂ ಒಂದೊಂದು ಮಧ್ಯಾಹ್ನ ಹೊಳವಾಗಿ ಬಿಸಿಲು ಬೀಳುತ್ತೆ, ಸ್ಪ್ರೇ ಹೊಡೆಯುವಷ್ಟು ಗಾಳಿ ಒಣಗುತ್ತೆ. ನಿಮ್ಮ ಕಡೆ ಆರಿದ್ರಾ ಮಳೆ ಹಿಡಿಯಿತೆಂದರೆ ಆಶ್ಲೇಷಾ ಮುಗಿಯುವವರೆಗೂ ಆ ಆಸೆ ಬೇಡ.

ತರಿತರಿ ಯಾಕಾಯಿತು ಎಂದರೆ, ಡಬ್ಬಿಯೊಳಗಿನ ಗ್ಯಾಸು, ದ್ರಾವಕ ಹೊರಗೆ ಬಂದ ಕೂಡಲೇ ಆವಿಯಾಗುತ್ತವೆ. ಆವಿಯಾಗುವಾಗ ಸುತ್ತಲಿನ ಶಾಖ ಎಳೆದುಕೊಳ್ಳುವುದರಿಂದ ಪ್ಲಾಸ್ಟಿಕ್ಕಿನ ಮೈ ತಣ್ಣಗಾಗಿ, ಗಾಳಿಯಲ್ಲಿರುವ ತೇವ ಅಲ್ಲೇ ಕೂರುತ್ತೆ. ಇನ್ನೂ ಒಣಗದ ಬಣ್ಣಕ್ಕೆ ನೀರು ಸೇರಿದರೆ ತರಿ ಏಳುತ್ತೆ, ಇಲ್ಲವೇ ಬಿಳಿಚಿಕೊಳ್ಳುತ್ತೆ. ಪ್ರೈಮರ್‌ಗಿಂತ ಕೊನೆಗೆ ಹೊಡೆಯುವ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಇನ್ನೂ ಅಪಾಯ: ವಾರಗಟ್ಟಲೆ ಕೂತು ಮುಗಿಸಿದ ಸೈನಿಕ ಒಂದೇ ಗಳಿಗೆಯಲ್ಲಿ ಮಂಜು ಕವಿದವನಂತೆ ಬೆಳ್ಳಗಾಗುತ್ತಾನೆ. ಹಾಗಾದರೆ ಎಸೆಯಬೇಡಿ, ಮೇಲೆ ಹೊಳಪಿನ ವಾರ್ನಿಷ್ ಕುಂಚದಲ್ಲಿ ಬಳಿದರೆ ಹೆಚ್ಚಿನ ಸಲ ಬಣ್ಣ ಮತ್ತೆ ಕಾಣುತ್ತೆ. ಒಂದು ಸಣ್ಣ ಡಿಜಿಟಲ್ ಆರ್ದ್ರತಾ ಮಾಪಕ ತಂದಿಟ್ಟುಕೊಳ್ಳಿ. ಅದು ಶೇ. 70 ದಾಟಿದ್ದರೆ ಸ್ಪ್ರೇ ಡಬ್ಬಿ ಮುಟ್ಟಬಾರದು, ಇದು ನಾನು ಇಟ್ಟುಕೊಂಡ ನಿಯಮ. ಮತ್ತೆ, ಬಚ್ಚಲ ಒಲೆಯ ಹತ್ತಿರ ಬೆಚ್ಚಗಿದೆ, ಅಲ್ಲಿ ಹೊಡೆಯೋಣ ಎಂದು ಮಾತ್ರ ಹೊರಡಬೇಡಿ. ಆ ಗ್ಯಾಸು ಬೆಂಕಿ ಹಿಡಿಯುವಂಥದ್ದು. ಒಣಗಿಸುವುದಕ್ಕೂ ಆ ಜಾಗ ಬೇಡ, ಬೂದಿ ಬಂದು ಕೂರುತ್ತೆ, ತೆಳು ಬಂದೂಕಿನ ನಳಿಗೆಗಳು ಶಾಖಕ್ಕೆ ಬಾಗುತ್ತವೆ.

ಈಗ ಹಾಳಾದ ಗಾಡಿಯ ವಿಷಯ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದರೆ ಬಣ್ಣ ಬಿಡುತ್ತೆ, ಪ್ಲಾಸ್ಟಿಕ್ಕಿಗೆ ಏನೂ ಆಗುವುದಿಲ್ಲ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವುದು ಇದನ್ನೇ, ಅವರನ್ನು ಕೇಳಿದರೆ ಎಲ್ಲಿ ಸಿಗುತ್ತೆ ಎಂದು ಹೇಳುತ್ತಾರೆ. ಕೈಗೆ ಗ್ಲೌಸ್ ಹಾಕಿ, ಕಿಟಕಿ ತೆಗೆದಿಡಿ, ಹತ್ತಿರ ಬೆಂಕಿ ಬೇಡ. ಪೇಂಟ್ ಅಂಗಡಿಯ ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ತಾಗಿಸಲೇಬೇಡಿ, ಈ ಗಾಡಿಗಳ ಪಾಲಿಸ್ಟೈರೀನ್ ಕರಗಿಹೋಗುತ್ತೆ. ನನ್ನನ್ನು ಕೇಳಿದರೆ, ಇಡೀ ಗಾಡಿಯನ್ನು ತೊಳೆಯುವ ಅಗತ್ಯವೂ ಇಲ್ಲ. ಮೇಲಿನ ಚಪ್ಪಟೆ ಭಾಗಗಳನ್ನು ನುಣುಪಾದ ವಾಟರ್ ಪೇಪರ್‌ನಿಂದ ನೀರು ಹಾಕಿ ಉಜ್ಜಿ ಸಮ ಮಾಡಿ. ಕೆಳಭಾಗದ ತರಿಯನ್ನು ಹಾಗೇ ಬಿಡಿ. ಅಲ್ಲಿ ಹೇಗೂ ಕೆಸರು ಬರಬೇಕು, ತರಿಯಿದ್ದರೆ ಕೆಸರು ಚೆನ್ನಾಗಿ ಹಿಡಿಯುತ್ತೆ.

ಇನ್ನು ಮುಂದೆ ಪ್ರೈಮರ್ ಅನ್ನು ಬಾಟಲಿಯಲ್ಲಿ ಕೊಳ್ಳಿ. ವ್ಯಾಲೆಹೋ ಕಂಪನಿಯ ಸರ್ಫೇಸ್ ಪ್ರೈಮರ್ ನೀರಿನಲ್ಲಿ ಬೆರೆಯುವಂಥದ್ದು, ಕುಂಚದಲ್ಲೇ ತೆಳುವಾಗಿ ಎರಡು ಕೋಟ್ ಹಚ್ಚಬಹುದು. ಮಳೆಯಲ್ಲಿ ಒಂದು ಹಗಲು ಒಂದು ರಾತ್ರಿ ಒಣಗಲು ಬಿಡಿ. ಇನ್ನೊಂದು ಅನುಕೂಲ, ಸ್ಪ್ರೇ ಡಬ್ಬಿಯನ್ನು ಎಷ್ಟೋ ಕೊರಿಯರ್‌ನವರು ತೆಗೆದುಕೊಳ್ಳುವುದೇ ಇಲ್ಲ, ಬಾಟಲಿಗೆ ಆ ತಕರಾರಿಲ್ಲ. ಏರ್‌ಬ್ರಶ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಕೊಳ್ಳುವ ಮನಸ್ಸಿದ್ದರೆ ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್ ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಇದೆಯೇ ನೋಡಿ ತೆಗೆದುಕೊಳ್ಳಿ. ತೇವದ ಗಾಳಿ ಒತ್ತಡಕ್ಕೆ ಸಿಕ್ಕಾಗ ಪೈಪಿನಲ್ಲಿ ನೀರಾಗಿ ಬಣ್ಣದ ಮೇಲೆ ಹನಿ ಉಗುಳುತ್ತೆ.

ಶುರು ಮಾಡಬೇಕಾದ್ದು ಗಾಡಿಯಿಂದಲ್ಲ, ಸೈನಿಕರಿಂದ. ದೊಡ್ಡದಿದೆ, ಸುಲಭ ಇರಬಹುದು ಎಂದು ಗಾಡಿಗೆ ಕೈ ಹಾಕುವವರೇ ಹೆಚ್ಚು. ಆದರೆ ವಾರ್‌ಹ್ಯಾಮರ್‌ನ ರೈನೋ ಗಾಡಿಯನ್ನೇ ನೋಡಿ, ಪಕ್ಕಗಳೆಲ್ಲ ಅಗಲವಾದ ಬೋಳು ತಗಡು. ಕುಂಚದ ಒಂದೊಂದು ಗೀರೂ ಅಲ್ಲಿ ಎದ್ದು ಕಾಣುತ್ತೆ. ಸೈನಿಕನ ಮೈಯಲ್ಲಿ ಮಡಿಕೆ, ಪಟ್ಟಿ, ಬಕಲ್ ತುಂಬಿರುವುದರಿಂದ ಮೂಲ ಬಣ್ಣ ಹಚ್ಚಿ, ಕಡು ಕಂದು ವಾಶ್ (ನೀರಿನಂತೆ ತೆಳುವಾದ ಬಣ್ಣ) ಹರಿಸಿದರೆ ಅದು ತಾನಾಗಿ ತಗ್ಗುಗಳಲ್ಲಿ ನಿಂತು ನೆರಳು ಮಾಡುತ್ತೆ. ಆಮೇಲೆ ಮೂಲ ಬಣ್ಣಕ್ಕಿಂತ ತುಸು ತಿಳಿಯಾದ ಬಣ್ಣವನ್ನು ಕುಂಚದಿಂದ ಹೆಚ್ಚುಕಮ್ಮಿ ಪೂರಾ ಒರೆಸಿ, ಅಂಚುಗಳ ಮೇಲೆ ಸವರಿದರೆ ಆಟದ ಮೇಜಿಗೆ ಆತ ಸಿದ್ಧ. ಐದು ಜನರನ್ನು ಸಾಲಾಗಿ ನಿಲ್ಲಿಸಿಕೊಂಡು ಮಾಡಿ. ಬಣ್ಣ ಹಾಲಿನಷ್ಟು ತೆಳುವಿರಲಿ. ಮಳೆಗಾಲದಲ್ಲಿ ಅಕ್ರಿಲಿಕ್ ನಿಧಾನವಾಗಿ ಒಣಗುವುದು ಬಣ್ಣ ಬೆರೆಸುವವರಿಗೆ ಅನುಕೂಲವೇ, ವಾಶ್ ಹಾಕುವ ಮುಂಚೆ ಮಾತ್ರ ಅವಸರ ಮಾಡಬೇಡಿ, ಕೆಳಗಿನ ಬಣ್ಣ ಕಿತ್ತು ಬರುತ್ತೆ. ಬಣ್ಣ ಒಣಗದಂತೆ ಒದ್ದೆ ಸ್ಪಂಜಿನ ಮೇಲಿಡುವ ತಟ್ಟೆ, ಅಂದರೆ ವೆಟ್ ಪ್ಯಾಲೆಟ್ಟಿನ ಸ್ಪಂಜನ್ನು ದಿನಾ ತೊಳೆಯಿರಿ. ನಮ್ಮಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ಮುಚ್ಚಿಟ್ಟ ಒದ್ದೆ ಸ್ಪಂಜಿಗೆ ಹಿಡಿಯದೆ ಇರುತ್ತದೆಯೇ?

ಅಂಟಿನ ಬಗ್ಗೆ ಒಂದು ಮಾತು. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಸಿಮೆಂಟೇ ಸರಿ, ಅದು ಎರಡೂ ಮೈಯನ್ನು ಕರಗಿಸಿ ಬೆಸೆಯುತ್ತೆ. ಫೆವಿಕ್ವಿಕ್ ತರದ್ದು ಗಾಳಿಯ ತೇವದಿಂದಲೇ ಗಟ್ಟಿಯಾಗುವ ಅಂಟು, ನಮ್ಮ ಮಳೆಯಲ್ಲಿ ಬೇಗ ಹಿಡಿಯುತ್ತೆ, ಆದರೆ ಸುತ್ತ ಬಿಳಿ ಪುಡಿ ಕೂರಿಸುತ್ತೆ. ಗಾಡಿಯ ಪಾರದರ್ಶಕ ಗಾಜಿಗೆ ಅದನ್ನು ಬಳಸಿದರೆ ಗಾಜು ಮಬ್ಬಾಗುತ್ತೆ. ಅಲ್ಲಿಗೆ ಫೆವಿಕಾಲ್ ಸಾಕು. ಗಾಡಿಯ ಚಕ್ರಪಟ್ಟಿ, ಮೇಲಿನ ತೋಪು, ಬಾಗಿಲುಗಳನ್ನು ಬೇರೆಯಾಗಿಯೇ ಬಣ್ಣ ಹಚ್ಚಿ ಕೊನೆಗೆ ಕೂರಿಸಿ.

ಆ ಬೋಳು ತಗಡಿಗೆ ನಾನು ಮಾಡುವ ಉಪಾಯ ಹಸೆ ಚಿತ್ತಾರ. ಸಾಗರದ ಕಡೆಯ ದೀವರ ಮನೆಗಳಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹೆಂಗಸರು ಪುಂಡಿ ನಾರಿನ ಕುಂಚದಿಂದ ಎಳೆಯುವ ಆ ನೇರ ಗೆರೆಗಳನ್ನು ನೀವು ನೋಡಿರುತ್ತೀರಿ. ಇಟ್ಟಿಗೆ ಕೆಂಪು ಗಾಡಿಯ ಬಾಗಿಲ ಮೇಲೆ ತೆಳು ಬಿಳಿಯಲ್ಲಿ ಅಂಥ ಒಂದು ಪಟ್ಟಿ ಎಳೆದರೆ ಅದೇ ಆ ಪಡೆಯ ಲಾಂಛನ. ಕುಂಚದ ಗೀರುಗಳ ಕಡೆ ಕಣ್ಣು ಹೋಗುವುದಿಲ್ಲ. ಈ ಆಟವನ್ನು 1987ರಲ್ಲಿ ಹೊರತಂದ ಗೇಮ್ಸ್ ವರ್ಕ್‌ಶಾಪ್ ಇಂಗ್ಲೆಂಡಿನದು, ಪೆಟ್ಟಿಗೆಯ ಮೇಲಿನ ಬಣ್ಣಗಳೂ ಅವರವು. ಅದನ್ನೇ ನಕಲು ಮಾಡಬೇಕೆಂದು ಯಾರೂ ಹೇಳಿಲ್ಲ. ನಮ್ಮ ಸೀಮೆಯ ಗೆರೆ ಹೊತ್ತ ಗಾಡಿ ಬೇರೆ ಗ್ರಹದ ನೆಲದ ಮೇಲೆ ನಿಂತದ್ದನ್ನು ನೋಡುವ ಖುಷಿಯೇ ನನಗೆ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ದೊಡ್ಡದು.

ಕೆಸರಿಗೆ ಮಾದರಿ ಬೇಕಿದ್ದರೆ ಮನೆ ಮುಂದಿನ ರಸ್ತೆಗೆ ಬನ್ನಿ. ತೋಟಕ್ಕೆ ಹೋಗಿ ಬಂದ ಜೀಪನ್ನು ಹತ್ತಿರದಿಂದ ನೋಡಿ. ಚಕ್ರದ ಹಿಂದಿನ ಮಡ್‌ಗಾರ್ಡ್ ಒಳಗೆ ಕೆಸರು ದಪ್ಪ, ಒದ್ದೆ, ಹೆಚ್ಚುಕಮ್ಮಿ ಕಾಫಿ ಪುಡಿ ಬಣ್ಣ. ಬಾಗಿಲಿನ ಕೆಳಗಂಚಿಗೆ ಬಂದಾಗ ಅದೇ ಮಣ್ಣು ಕೆಂಪಾಗಿ, ಹಿಂದಕ್ಕೆ ಓರೆಯಾಗಿ ಚಿಮ್ಮಿದ ಹನಿಗಳಾಗಿರುತ್ತೆ. ಕಿಟಕಿಯ ಮಟ್ಟದಲ್ಲಿ ಒಣಗಿ ತಿಳಿ ಕಿತ್ತಳೆಯ ಧೂಳು. ಫುಟ್‌ಬೋರ್ಡಿನ ಮೇಲೆ ಬಣ್ಣವೇ ಇಲ್ಲ, ಕಾಲು ತಾಗಿ ತಾಗಿ ಕಬ್ಬಿಣ ಹೊಳೆಯುತ್ತೆ. ಇದನ್ನೇ ಗಾಡಿಯ ಮೇಲೆ ಇಳಿಸಿ. ಪ್ಯಾಕಿಂಗ್ ಸ್ಪಂಜಿನ ಚೂರನ್ನು ಕಡು ಕಂದು ಬಣ್ಣಕ್ಕೆ ಅದ್ದಿ, ಕಾಗದದ ಮೇಲೆ ಒತ್ತಿ ತೆಗೆದು, ಸೈನಿಕರು ಹತ್ತಿಳಿಯುವ ಬಾಗಿಲ ಅಂಚಿಗೆ ಮಾತ್ರ ತಟ್ಟಿ. ಎಲ್ಲ ಕಡೆ ತಟ್ಟಿದರೆ ತುಕ್ಕು ಹಿಡಿದ ಗುಜರಿಯಾಗುತ್ತೆ, ಓಡಾಡಿದ ಗಾಡಿಯಾಗುವುದಿಲ್ಲ.

ಕೆಸರಿಗೂ, ಸೈನಿಕರ ಕಾಲಡಿಯ ಬೇಸಿಗೂ ಜಂಬಿಟ್ಟಿಗೆ ಪುಡಿಯಷ್ಟು ಒಳ್ಳೆಯದು ಯಾವ ಕಂಪನಿಯದೂ ನನಗೆ ಕಂಡಿಲ್ಲ. ಪುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ಹಳೆಯ ಬಾಣಲೆಯಲ್ಲಿ ಚೆನ್ನಾಗಿ ಹುರಿಯಿರಿ. ಹಸಿ ಮಣ್ಣು ಹಾಕಿದರೆ ಬೇಸಿನ ಮೇಲೆ ಬೂಷ್ಟು ಬೆಳೆಯುತ್ತೆ. ನೀರು ಬೆರೆಸಿದ ಫೆವಿಕಾಲ್ ಸವರಿ ಉದುರಿಸಿ, ಒಣಗಿದ ಮೇಲೆ ಮ್ಯಾಟ್ ವಾರ್ನಿಷ್ ಅನ್ನು ಕುಂಚದಲ್ಲೇ ಮುಟ್ಟಿಸಿ. ಕಾಲುವೆ ಬದಿಯ ಹಸಿರು ಪಾಚಿ ಎಷ್ಟೇ ಚೆಂದ ಕಂಡರೂ ತರಬೇಡಿ, ಒಣಗಿಸಿದರೂ ನಮ್ಮ ಜಡಿಮಳೆಯಲ್ಲಿ ಮತ್ತೆ ತೇವ ಹಿಡಿಯುತ್ತೆ.

ಆಡಲು ಜನ ಸಿಗುವುದಿಲ್ಲ ಎನ್ನುವುದು ನಿಜವಾದ ಕಷ್ಟ. ಕಾಯುವುದಕ್ಕಿಂತ ಒಬ್ಬರನ್ನು ತಯಾರು ಮಾಡಿಕೊಳ್ಳುವುದು ಒಳ್ಳೆಯದು. ತಮ್ಮನೋ, ಪಕ್ಕದ ಮನೆಯ ಗೆಳೆಯನೋ, ಯಾರಾದರೂ ಸರಿ. ದೊಡ್ಡ ಆಟಕ್ಕೆ 60 ಇಂಚು ಉದ್ದ 44 ಇಂಚು ಅಗಲದ ಜಾಗ ಬೇಕು. ಅದರದೇ ಸಣ್ಣ ರೂಪವಾದ ಕಿಲ್ ಟೀಮ್‌ಗೆ 30 ಇಂಚು ಉದ್ದ 22 ಇಂಚು ಅಗಲದ ಜಾಗ ಸಾಕು, ಊಟದ ಮೇಜಿನ ಮೇಲೆ ಆಗುತ್ತೆ. ನಿಯಮದ ಪುಸ್ತಕಕ್ಕೆ ದುಡ್ಡು ಹಾಕುವ ಮುಂಚೆ, ಇಂಥ ಆಟಗಳಿಗೆ ಸರಳ ನಿಯಮ ಬರೆಯುವ ಒನ್ ಪೇಜ್ ರೂಲ್ಸ್‌ನವರ ಮೂಲ ನಿಯಮಗಳನ್ನು ಉಚಿತವಾಗಿ ಇಳಿಸಿಕೊಳ್ಳಿ. ಯಾವ ಕಂಪನಿಯ ಸೈನಿಕರಾದರೂ ನಡೆಯುತ್ತೆ, ಕೆಲವೇ ಪುಟ, ಹೊಸಬರಿಗೆ ಒಂದು ಸಂಜೆಯಲ್ಲಿ ಕಲಿಸಬಹುದು. ನಿಮ್ಮ ಪೆಟ್ಟಿಗೆಯ ಸೈನಿಕರನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡೇ ಆಡಿ. ಅಡ್ಡಕ್ಕೆ ಗೋಡೆ, ಬಂಡೆ ಬೇಕಲ್ಲ, ಟಿವಿ ಪೆಟ್ಟಿಗೆಯ ಥರ್ಮೋಕೋಲ್ ಕತ್ತರಿಸಿ. ಅದರ ಮೇಲೆ ನೇರ ಸ್ಪ್ರೇ ಹೊಡೆದರೆ ಕರಗಿ ಗುಳಿ ಬೀಳುತ್ತೆ, ಮೊದಲು ಫೆವಿಕಾಲ್ ದಪ್ಪಗೆ ಬಳಿದು ಒಣಗಿಸಿ, ಆಮೇಲೆ ಕುಂಚದಲ್ಲಿ ಬಣ್ಣ ಹಚ್ಚಿ.