ಪರಿಹಾರ ಪಡೆದರೆ ಮೊಕದ್ದಮೆ ಮುಗಿಯುವುದಿಲ್ಲ

ನಿಮ್ಮ ತಮ್ಮ ಪೊಲೀಸ್ ವಶದಲ್ಲಿ ತೀರಿಕೊಂಡ ವಿಷಯ ಓದಿ ಸಂಕಟವಾಯಿತು. ಮಾನವ ಹಕ್ಕುಗಳ ಆಯೋಗ ಶಿಫಾರಸು ಮಾಡಿದ ಪರಿಹಾರವನ್ನು ಪಡೆದರೆ ಮುಂದಿನ ಹೋರಾಟಕ್ಕೆ ಅಡ್ಡಿಯೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ, ಧೈರ್ಯವಾಗಿ ಪಡೆಯಿರಿ.

ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲಿ ಕೊಳೆತ ಬಿಹಾರದ ರುದುಲ್ ಸಾಹ್ ಅವರಿಗೆ 1983ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿ, ಹೆಚ್ಚಿನದಕ್ಕೆ ಸಿವಿಲ್ ದಾವೆ ಹೂಡುವ ಹಕ್ಕು ಉಳಿದಿದೆ ಎಂದಿತು. ಪೊಲೀಸ್ ವಶದಲ್ಲಿ ಮಗನನ್ನು ಕಳೆದುಕೊಂಡ ಒಡಿಶಾದ ನೀಲಾಬತಿ ಬೆಹೆರಾ ಬರೆದದ್ದು ಒಂದು ಪತ್ರ ಮಾತ್ರ. ಸುಪ್ರೀಂ ಕೋರ್ಟ್ ಅದನ್ನೇ ರಿಟ್ ಅರ್ಜಿ (ಮೂಲಭೂತ ಹಕ್ಕಿನ ರಕ್ಷಣೆ ಕೋರಿ ನೇರವಾಗಿ ಸಲ್ಲಿಸುವ ಅರ್ಜಿ) ಎಂದು ಪರಿಗಣಿಸಿ, 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಕೊಡಿಸಿತು. ಹೊಣೆಗಾರರ ಮೇಲೆ ಮೊಕದ್ದಮೆಯೂ ಸೇರಿದಂತೆ ಕ್ರಮ ಆಗಬೇಕೆಂದಿತು. ಆ ತಾಯಿಯ ಛಲ ದೊಡ್ಡದು.

ಹಣ ಪಡೆಯುವಾಗ 'ಇನ್ನು ಯಾವ ತಕರಾರೂ ಇಲ್ಲ' ಎಂಬ ಒಕ್ಕಣೆ ಇರುವ ಕಾಗದಕ್ಕೆ ಮಾತ್ರ, ವಕೀಲರಿಗೆ ತೋರಿಸದೆ, ಸಹಿ ಹಾಕಬೇಡಿ.