ಚಾಟ್ ಮೀಟಿಂಗ್ ಇರಲಿ, ತೀರ್ಮಾನ ಮಾತ್ರ ಮೇಲಿಂಗ್ ಲಿಸ್ಟಿನಲ್ಲೇ ಆಗಲಿ

ನಿಮ್ಮ ಪ್ರಾಜೆಕ್ಟಿನಲ್ಲಿ ವಾರಕ್ಕೊಂದು ಚಾಟ್ ಮೀಟಿಂಗ್ ಶುರುವಾದ ಮೇಲೆ ಮೇಲಿಂಗ್ ಲಿಸ್ಟ್ (ಒಂದು ಮೇಲ್ ಹಾಕಿದರೆ ಎಲ್ಲ ಸದಸ್ಯರಿಗೂ ತಲುಪುವ ವ್ಯವಸ್ಥೆ) ಬಣಗುಟ್ಟುತ್ತಿದೆ, ಎರಡನ್ನೂ ಸರಿದೂಗಿಸುವುದು ಹೇಗೆ ಅಂತ ಕೇಳಿದ್ದೀರಿ. ನಮ್ಮಲ್ಲೂ ಥೇಟ್ ಹೀಗೇ ಆಗಿತ್ತು.

ನಾನು ಆಗ ಒಂದು ಸಣ್ಣ ಓಪನ್ ಸೋರ್ಸ್ ಸಾಫ್ಟ್‌ವೇರ್ ಪ್ರಾಜೆಕ್ಟಿನ ಮೇಂಟೇನರ್, ಅಂದರೆ ಅದನ್ನು ನೋಡಿಕೊಳ್ಳುವವನು. ಲಿಸ್ಟಿನಲ್ಲಿ ವಿಷಯ ಎತ್ತಿದರೆ ವಾರಗಟ್ಟಲೆ ಎಳೆದಾಟ. ಐಆರ್‌ಸಿ ಅನ್ನೋ ಹಳೆಯ ಚಾಟ್ ವ್ಯವಸ್ಥೆಯಲ್ಲಿ ಮೀಟಿಂಗ್ ಇಟ್ಟೆವು. ಅಷ್ಟೇ ಮಾತು ಒಂದು ಗಂಟೆಯಲ್ಲಿ ಮುಗಿಯತೊಡಗಿತು. ಆ ಹೊತ್ತಿಗೆ ಎಚ್ಚರ ಇರುತ್ತಿದ್ದ ನಮಗೆಲ್ಲ ತುಂಬಾ ಖುಷಿ.

ಒಂದು ಮೀಟಿಂಗ್‌ನಲ್ಲಿ ಕಾನ್ಫಿಗ್ ಫೈಲಿನ (ಸಾಫ್ಟ್‌ವೇರಿನ ಸೆಟ್ಟಿಂಗ್‌ಗಳಿರುವ ಫೈಲ್) ಸ್ವರೂಪ ಬದಲಿಸೋಣ ಅಂತ ಒಪ್ಪಿಕೊಂಡೆವು. ಮೀಟಿಂಗ್ ಮುಗಿದ ಮೇಲೆ ಲಾಗ್‌ನ (ಚಾಟ್‌ನಲ್ಲಿ ಆಡಿದ ಮಾತೆಲ್ಲದರ ದಾಖಲೆ) ಲಿಂಕನ್ನು ಲಿಸ್ಟಿಗೆ ಕಳಿಸಿದೆ. ಸಬ್ಜೆಕ್ಟ್ ಸಾಲಿನಲ್ಲಿ ‘ಈ ವಾರದ ಮೀಟಿಂಗ್ ಲಾಗ್’ ಅಂತ ಬರೆದೆ. ಎಲ್ಲರಿಗೂ ತಿಳಿಸಿದ ಹಾಗಾಯಿತು ಅಂದುಕೊಂಡೆ.

ತಪ್ಪಾಗಿದ್ದು ಇಲ್ಲೇ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುತ್ತಿರಬಹುದು. ಮೊದಲನೆಯದಾಗಿ, ಲಾಗ್ ಅನ್ನೋದು ಓದುವ ಬರಹವಲ್ಲ. ಅದರಲ್ಲಿ ಮೂರು ಮಾತುಕತೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ತೀರ್ಮಾನ ಎಲ್ಲೋ ನಡುವೆ ಒಂದು ಸಾಲಿನಲ್ಲಿ ಅವಿತಿರುತ್ತದೆ. ಕಾರಣ ಇನ್ನೆಲ್ಲೋ, ಕೆಲವೊಮ್ಮೆ ಹಿಂದಿನ ವಾರದ ಲಾಗ್‌ನಲ್ಲಿ. ಎರಡನೆಯದಾಗಿ, ಆ ಸಬ್ಜೆಕ್ಟ್ ನೋಡಿದವರಿಗೆ ಕಾನ್ಫಿಗ್ ಫೈಲ್ ಬದಲಾಗುತ್ತಿದೆ ಅನ್ನೋ ಸುಳಿವೇ ಸಿಗುವುದಿಲ್ಲ. ಮೂರನೆಯದು ಇವೆರಡಕ್ಕಿಂತ ದೊಡ್ಡದು. ನಾನು ‘ಹೀಗೆ ಆಯಿತು’ ಅಂತ ಕಳಿಸಿದೆ. ‘ಹೀಗೆ ಮಾಡೋಣ ಅಂತಿದ್ದೇವೆ, ನೀವೇನಂತೀರಿ’ ಅಂತ ಕೇಳಲಿಲ್ಲ. ಮುಗಿದ ಮಾತಿಗೆ ಯಾರು ತಾನೇ ಬಾಯಿ ಹಾಕುತ್ತಾರೆ?

ನಮ್ಮ ಸಾಫ್ಟ್‌ವೇರನ್ನು ಒಂದು ಲಿನಕ್ಸ್ ಡಿಸ್ಟ್ರಿಬ್ಯೂಷನ್‌ಗೆ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಒಂದು ಆವೃತ್ತಿ) ಪ್ಯಾಕೇಜ್ ಮಾಡುತ್ತಿದ್ದವರೊಬ್ಬರಿದ್ದರು, ಅಂದರೆ ಅದರ ಬಳಕೆದಾರರು ಸುಲಭವಾಗಿ ಹಾಕಿಕೊಳ್ಳುವಂತೆ ಸಿದ್ಧಪಡಿಸುತ್ತಿದ್ದವರು. ನಮ್ಮ ಮೀಟಿಂಗ್ ಹೊತ್ತು ಅವರಿಗೆ ನಡುರಾತ್ರಿ. ಅಪ್‌ಗ್ರೇಡ್ ಮಾಡಿದಾಗ ಹಳೆಯ ಕಾನ್ಫಿಗ್ ಫೈಲುಗಳಿಗೆ ಏನಾಗುತ್ತದೆ ಅಂತ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಅವರೇ. ಬದಲಾವಣೆ ಅವರ ಕಣ್ಣಿಗೆ ಬಿದ್ದದ್ದು ರಿಲೀಸ್ ಆದ ಮೇಲೆ, ಬಗ್ ರಿಪೋರ್ಟುಗಳು ಬಂದು ಬಿದ್ದಾಗ. ಬದಲಾವಣೆಯನ್ನು ವಾಪಸ್ ತೆಗೆದೆವು. ಅವರು ಮಾತ್ರ ವಾಪಸ್ ಬರಲಿಲ್ಲ. ‘ನನ್ನನ್ನು ಕೇಳುವ ಜಾಗ ಇಲ್ಲಿಲ್ಲ’ ಅಂತ ಒಂದೇ ಸಾಲು ಬರೆದು ಹೋದರು. ಆ ಸಾಲು ಇವತ್ತಿಗೂ ನೋಯಿಸುತ್ತದೆ.

ಅದಕ್ಕೇ ಹೇಳುತ್ತೇನೆ, ಸಮತೋಲನದ ಯೋಚನೆಯನ್ನೇ ಬಿಡಿ. ಎರಡೂ ಒಂದೇ ಕೆಲಸಕ್ಕೆ ಇರುವುದಲ್ಲ. ಬಿಸಿಬಿಸಿ ಚರ್ಚೆಗೆ, ಹೊಸಬರ ಪ್ರಶ್ನೆಗಳಿಗೆ, ರಿಲೀಸ್ ದಿನದ ಓಡಾಟಕ್ಕೆ, ಮೇಲ್‌ನಲ್ಲಿ ಮಾತು ಬಿಗಿಯಾದಾಗ ಸಡಿಲ ಮಾಡಿಕೊಳ್ಳುವುದಕ್ಕೆ ಚಾಟ್ ಬೇಕೇ ಬೇಕು. ತೀರ್ಮಾನಕ್ಕೆ ಬೇಡ.

ಇದು ನನ್ನೊಬ್ಬನ ಹಟವಲ್ಲ. ಲಿಸ್ಟಿನಲ್ಲಿ ಆಗದಿದ್ದರೆ ಆಗಲೇ ಇಲ್ಲ ಅನ್ನೋದು ಅಪಾಚೆ ಅನ್ನೋ ಓಪನ್ ಸೋರ್ಸ್ ಸಂಸ್ಥೆಯ ಪ್ರಾಜೆಕ್ಟುಗಳಲ್ಲಿ ರೂಢಿಯ ಮಾತು. ಅಲ್ಲಿ ವೋಟಿಂಗ್‌ಗೆ ಸಾಮಾನ್ಯವಾಗಿ ಕನಿಷ್ಠ 72 ಗಂಟೆ ಕೊಡುತ್ತಾರೆ, ಭೂಮಿಯ ಯಾವ ಮೂಲೆಯಲ್ಲಿದ್ದವರೂ ನೋಡಲಿ ಅಂತ. ಇಂಟರ್‌ನೆಟ್ ಮಾನದಂಡ ರೂಪಿಸುವ ಐಇಟಿಎಫ್‌ನ ಕಾರ್ಯಗುಂಪುಗಳದ್ದೂ ಇದೇ ದಾರಿ. ಲಿಸ್ಟಿನಲ್ಲಿ ಚರ್ಚೆಯಾಗದ ವಿಷಯದ ಬಗ್ಗೆ, ಇಲ್ಲವೇ ಲಿಸ್ಟಿನ ಒಮ್ಮತಕ್ಕಿಂತ ತೀರಾ ಬೇರೆಯಾಗಿ, ಮುಖಾಮುಖಿ ಸಭೆಯಲ್ಲಿ ಒಪ್ಪಿದ್ದನ್ನು ಮೇಲಿಂಗ್ ಲಿಸ್ಟಿನಲ್ಲಿ ಪರಿಶೀಲಿಸಲೇಬೇಕು ಅಂತ ಅವರ 1998ರ ನಿಯಮಾವಳಿ ಆರ್‌ಎಫ್‌ಸಿ 2418 ಹೇಳುತ್ತದೆ.

ಮೀಟಿಂಗ್ ಹೊತ್ತನ್ನು ವಾರ ಬಿಟ್ಟು ವಾರ ಬದಲಿಸಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಕೊಡಲಿ. ಅದರಿಂದ ನಿದ್ದೆ ಮಾಡುವವರು ಬದಲಾಗುತ್ತಾರೆ, ಅಷ್ಟೇ. ಹೊತ್ತನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಮಾನಕ ಸಮಯ) ಬರೆಯಿರಿ ಅನ್ನೋದಂತೂ ಸರಿ, ಆದರೆ ಗಡಿಯಾರ ಮುಂದೆ ಹಿಂದೆ ಮಾಡುವ ದೇಶದವರಿಗೆ ವರ್ಷಕ್ಕೆರಡು ಸಲ ಹೊತ್ತು ಜಾರುತ್ತದೆ. ಮೀಟಿಂಗ್‌ಗೆ ಬರಲಾಗದವರು ಯಾವಾಗಲೂ ಇರುತ್ತಾರೆ ಅಂತಲೇ ಲೆಕ್ಕ ಹಾಕಿ.

ಚಾಟ್ ಇತಿಹಾಸವನ್ನು ನಂಬಿಕೊಂಡಿದ್ದರೆ ಇನ್ನೊಂದು ಮಾತು. ಸ್ಲ್ಯಾಕ್ ಅನ್ನೋ ಚಾಟ್ ಆ್ಯಪ್‌ನ ಉಚಿತ ಪ್ಲಾನ್‌ನಲ್ಲಿ 90 ದಿನಕ್ಕಿಂತ ಹಳೆಯ ಸಂದೇಶಗಳು ಕಾಣಿಸುವುದಿಲ್ಲ. ಈ ಕೋಡ್ ಯಾಕೆ ಹೀಗಿದೆ ಅಂತ ಯಾರೋ ಕೇಳುವುದು ಸಾಮಾನ್ಯವಾಗಿ ಅದಕ್ಕೂ ಎಷ್ಟೋ ತಿಂಗಳ ನಂತರ, ಅಲ್ವಾ?

ಲಿಸ್ಟ್ ಸುಮ್ನೆ ಇದೆ ಅನ್ನೋ ನಿಮ್ಮ ಚಿಂತೆ ಅರ್ಥವಾಗುತ್ತದೆ. ಆದರೆ ಮೇಲ್‌ಗಳ ಸಂಖ್ಯೆ ಹೆಚ್ಚಿಸಲು ಹೋಗಬೇಡಿ. ಮೀಟಿಂಗ್‌ನಲ್ಲಿ ಒಮ್ಮತ ಬಂದ ಪ್ರತಿ ವಿಷಯಕ್ಕೂ ಬೇರೆ ಬೇರೆ ಮೇಲ್ ಬರೆಯಿರಿ. ಸಬ್ಜೆಕ್ಟ್‌ನಲ್ಲಿ ವಿಷಯದ ಹೆಸರೇ ಇರಲಿ. ಏನು, ಯಾಕೆ, ಯಾವುದನ್ನು ಕೈಬಿಟ್ಟಿರಿ, ಯಾವ ದಿನದವರೆಗೆ ಕಾಯುತ್ತೀರಿ ಅನ್ನೋದು ನಾಲ್ಕು ಸಾಲಿನಲ್ಲಿ ಬರಲಿ. ಅಲ್ಲಿಯವರೆಗೆ ಬದಲಾವಣೆಯನ್ನು ಮುಖ್ಯ ಕೋಡಿಗೆ ಸೇರಿಸಬೇಡಿ (ಮರ್ಜ್ ಮಾಡಬೇಡಿ). ಆಮೇಲೂ ಯಾರೂ ಮಾತಾಡದಿದ್ದರೆ ಅದನ್ನು ಒಪ್ಪಿಗೆ ಅಂತ ತಿಳಿಯಬಹುದು. ಆದರೆ ಆ ಬದಲಾವಣೆಯ ಪೆಟ್ಟು ಯಾರಿಗೆ ಬೀಳುತ್ತದೆ ಅಂತ ನಿಮಗೆ ಗೊತ್ತಿದ್ದರೆ, ಆ ವ್ಯಕ್ತಿಯನ್ನು ಸಿಸಿಯಲ್ಲಿ ಹಾಕಿ ಹೆಸರು ಹಿಡಿದೇ ಕೇಳಿ.